ಇಂಬಳಕ್ಕೆ ಉಪ್ಪು, ಹವಳಕ್ಕೆ ಸಿಹಿನೀರು

ಕೇಳುಗರಿಗೆ ನಮಸ್ಕಾರ.

ಮಲೆನಾಡಿನವರಿಗೆ ಇಂಬಳದ, ಅಂದರೆ ರಕ್ತ ಹೀರುವ ನೆಲದ ಜಿಗಣೆಯ, ಪರಿಚಯ ಮಾಡಿಕೊಡಬೇಕಾಗಿಲ್ಲ. ಮಳೆಗಾಲದಲ್ಲಿ ತೋಟಕ್ಕೆ ಹೋಗಿ ಬಂದರೆ ಕಾಲ್ಬೆರಳ ಸಂದಿಯಲ್ಲಿ ಒಂದೆರಡು ಇದ್ದೇ ಇರುತ್ತವೆ. ನಮ್ಮ ಅಜ್ಜಿ ಒಂದು ಕೋಲಿನ ತುದಿಗೆ ಬಟ್ಟೆಯಲ್ಲಿ ಉಪ್ಪು ಕಟ್ಟಿ ಜಗಲಿಯ ಮೂಲೆಯಲ್ಲಿ ನಿಲ್ಲಿಸಿಡುತ್ತಿದ್ದರು. ಆ ಗಂಟನ್ನು ಸ್ವಲ್ಪ ಒದ್ದೆ ಮಾಡಿ ಇಂಬಳಕ್ಕೆ ಮುಟ್ಟಿಸಿದರೆ ಸಾಕು, ಸುರುಟಿಕೊಂಡು ಬಿದ್ದೇ ಹೋಗುತ್ತಿತ್ತು. ಎಳೆಯಬೇಕಾಗಿಲ್ಲ, ಕೀಳಬೇಕಾಗಿಲ್ಲ. ಉಪ್ಪು ಅದರ ಮೈಯ ನೀರನ್ನು ಎಳೆದುಕೊಳ್ಳುತ್ತದೆ, ಅಷ್ಟೇ.

ಇಪ್ಪತ್ತೈದು ವರ್ಷ ಕಳೆದ ಮೇಲೆ, ಅಮೆರಿಕದ ಹ್ಯೂಸ್ಟನ್‌ನಲ್ಲಿ, ರಾತ್ರಿ ಹನ್ನೊಂದು ಗಂಟೆಗೆ ಅಡುಗೆಮನೆ ಕಟ್ಟೆಯ ಮುಂದೆ ನಿಂತು ನಾನು ಇದೇ ಕೆಲಸವನ್ನು ಉಲ್ಟಾ ಮಾಡುತ್ತಿದ್ದೆ. ಹವಳಕ್ಕೆ ಹತ್ತಿದ ಹುಳವನ್ನು ಉಪ್ಪಿಲ್ಲದ ನೀರಿನಿಂದ ಬೀಳಿಸುವ ಕೆಲಸ. ಇವತ್ತಿನ ಮಾತು ಅದರ ಬಗ್ಗೆ.

ನಾನು ಅಲ್ಲಿ ಕೆಲಸದಲ್ಲಿದ್ದಾಗ ಮನೆಯಲ್ಲಿ ಒಂದು ಸಮುದ್ರದ ಅಕ್ವೇರಿಯಂ ಇಟ್ಟಿದ್ದೆ. ಸುಮಾರು 150 ಲೀಟರ್ ನೀರಿನ ಗಾಜಿನ ತೊಟ್ಟಿ. ಸಮುದ್ರದ ನೀರು ತರುವುದೇನಿಲ್ಲ. ಆರ್‌ಓ ನೀರಿಗೆ ಅದಕ್ಕೆಂದೇ ಸಿಗುವ ಉಪ್ಪನ್ನು ಬೆರೆಸುವುದು. ಲೀಟರಿಗೆ ಹೆಚ್ಚುಕಡಿಮೆ 35 ಗ್ರಾಂ. ಸಮುದ್ರದಲ್ಲೂ ಅಷ್ಟೇ ಇರುತ್ತದೆ. ಅದರಲ್ಲಿ ಎರಡು ಮೀನು, ಒಂದಷ್ಟು ಕಲ್ಲು, ಕಲ್ಲಿನ ಮೇಲೆ ಹವಳ. ಹವಳ ಅಂದರೆ ಉಂಗುರದಲ್ಲಿ ಹಾಕಿಕೊಳ್ಳುವ ಕೆಂಪು ಮಣಿ ಅಲ್ಲ. ಜೀವಂತ ಪ್ರಾಣಿ. ಒಂದು ಬಾಯಿ, ಸುತ್ತ ಎಳೆ ಎಳೆಯಾದ ಬೆರಳು, ಒಳಗೆ ಒಂದು ಹೊಟ್ಟೆ. ಇಂಥ ಸಾವಿರಾರು ಬಾಯಿಗಳು ಒಂದಕ್ಕೊಂದು ಅಂಟಿಕೊಂಡು ಬದುಕುತ್ತವೆ. ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಸಾಕಿಕೊಂಡಿರುತ್ತವೆ. ಬೆಳಕು ಬಿದ್ದರೆ ಆ ಪಾಚಿ ಇವಕ್ಕೆ ಊಟ ಮಾಡಿಹಾಕುತ್ತದೆ.

ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಅಲ್ಲಿ ಹವಳವನ್ನು ಗಿಡದ ಕಡ್ಡಿ ಹಾಗೆ ಮುರಿದು, ಸಣ್ಣ ಬಿಲ್ಲೆಗೆ ಅಂಟಿಸಿ ಮಾರುತ್ತಾರೆ. ಅದಕ್ಕೆ ಫ್ರಾಗ್ ಅನ್ನುತ್ತಾರೆ. ಕಪ್ಪೆಗೂ ಇದಕ್ಕೂ ಸಂಬಂಧವಿಲ್ಲ, ತುಂಡು ಅಂತ ಅರ್ಥ. ನಮ್ಮ ದೇಶದಲ್ಲಿ ಹಾಗೆ ಆಗುವುದಿಲ್ಲ. ಬಂಡೆ ಕಟ್ಟುವ ಎಲ್ಲ ಕಲ್ಲುಹವಳಗಳೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿವೆ. ಹುಲಿ ಇರುವುದೂ ಅದೇ ಪಟ್ಟಿಯಲ್ಲಿ. ಯಾರಾದರೂ ಕದ್ದುಮುಚ್ಚಿ ಮಾರಲು ಬಂದರೆ ದೂರ ಇರಿ.

ಸರಿ, ಹ್ಯೂಸ್ಟನ್‌ಗೆ ಬರೋಣ. ನನ್ನ ಮೊದಲ ಹವಳ ಜೋವಾಂತಿಡ್. ಸಾಕುವವರೆಲ್ಲ ಚಿಕ್ಕದಾಗಿ ಜೋವಾ ಅನ್ನುತ್ತಾರೆ. ಅಂಗಿ ಗುಂಡಿಯಷ್ಟು ಅಗಲ. ಹಸಿರು ನಡುವು, ಕಿತ್ತಳೆ ಅಂಚು, ಸುತ್ತ ಸಣ್ಣ ರೆಪ್ಪೆ. ಮೂವತ್ತು ನಲವತ್ತು ಒಟ್ಟಿಗೆ ಅರಳಿ ನಿಂತರೆ ಸೇವಂತಿಗೆ ಮಡಿಯ ಹಾಗೇ ಕಾಣುತ್ತದೆ. ಹೊಸಬರಿಗೆ ಎಲ್ಲರೂ ಹೇಳುವುದು ಇದನ್ನೇ. ಗಟ್ಟಿ ಹವಳ, ಸಾಯುವುದಿಲ್ಲ ಅಂತ.

ಹತ್ತಿರದ ಒಂದು ಅಂಗಡಿಯಿಂದ ಎರಡನೇ ತುಂಡು ತಂದೆ. ಖುಷಿಯಲ್ಲಿ ನೇರ ತೊಟ್ಟಿಗೇ ಇಳಿಸಿದೆ. ಆಮೇಲೆ ಎರಡು ವಾರಕ್ಕೆ ಹಳೇ ಜೋವಾಗಳು ಮುಚ್ಚಿಕೊಳ್ಳತೊಡಗಿದವು. ಮೊದಲು ಮೂಲೆಯ ನಾಲ್ಕು, ಆಮೇಲೆ ಪಕ್ಕದ್ದು. ಮುಚ್ಚಿದ್ದು ತೆರೆಯಲೇ ಇಲ್ಲ. ಕೆಲವು ಕಡೆ ಬರೀ ಬುಡ ಉಳಿಯಿತು. ನೀರು ಪರೀಕ್ಷೆ ಮಾಡಿದೆ, ಸರಿ ಇತ್ತು. ದೀಪ ಸ್ವಲ್ಪ ಮೇಲೆತ್ತಿದೆ, ಏನೂ ಆಗಲಿಲ್ಲ.

ಆ ಊರಿನಲ್ಲಿ ವಿಯೆಟ್ನಾಂ ಮೂಲದ ಒಬ್ಬ ಹಿರಿಯರಿದ್ದರು. ಗ್ಯಾರೇಜು ತುಂಬ ತೊಟ್ಟಿ ಇಟ್ಟುಕೊಂಡವರು. ಮಾತು ಕಡಿಮೆ. ಫೋನ್ ಮಾಡಿ ಗೋಳು ಹೇಳಿಕೊಂಡರೆ ಅವರು ಕೇಳಿದ್ದು ಒಂದೇ ಪ್ರಶ್ನೆ. ರಾತ್ರಿ ನೋಡಿದ್ರಾ?

ನೋಡಿರಲಿಲ್ಲ. ಅವತ್ತು ದೀಪ ಆರಿದ ಎರಡು ಗಂಟೆಯ ಮೇಲೆ ಟಾರ್ಚ್ ಹಿಡಿದು ಗಾಜಿಗೆ ಮೂಗು ತಾಗಿಸಿ ಕೂತೆ. ಮೊದಲು ಏನೂ ಕಾಣಲಿಲ್ಲ. ಆಮೇಲೆ ಒಂದು ಜೋವಾ ನಡೆಯಿತು. ಸುಳ್ಳಲ್ಲ, ನಡೆಯಿತು! ಜೋವಾ ನಡೆಯುವ ಪ್ರಾಣಿಯಲ್ಲ. ಅದು ನುಡಿಬ್ರಾಂಕ್, ಚಿಪ್ಪಿಲ್ಲದ ಸಮುದ್ರದ ಬಸವನಹುಳು. ಹೆಚ್ಚೆಂದರೆ ಒಂದು ಸೆಂಟಿಮೀಟರ್ ಉದ್ದ. ಬೆನ್ನ ಮೇಲೆಲ್ಲ ಜೋವಾದ ರೆಪ್ಪೆಯಂಥದೇ ಎಳೆಗಳು. ಯಾವ ಬಣ್ಣದ ಜೋವಾ ತಿನ್ನುತ್ತದೋ ಆ ಬಣ್ಣ ಮೈಗೆ ಬರುತ್ತದೆ. ನನ್ನ ತೊಟ್ಟಿಯಲ್ಲಿ ಇದ್ದದ್ದು ಹಸಿರು, ಕಿತ್ತಳೆ. ಹಗಲು ಕಲ್ಲಿನ ಅಡಿಯಲ್ಲಿ, ರಾತ್ರಿ ಊಟಕ್ಕೆ.

ಹಿರಿಯರು ಹೇಳಿದ ಮದ್ದು ಸಿಹಿನೀರಿನ ಸ್ನಾನ. ಅಲ್ಲಿಯ ಮಾತಿನಲ್ಲಿ ಡಿಪ್. ಕೇಳಿದಾಗ ನನಗೆ ಎದೆ ಧಸಕ್ಕೆಂದಿತು. ಸಮುದ್ರದ ಜೀವವನ್ನು ಸಿಹಿನೀರಿಗೆ ಹಾಕುವುದಾ? ಅಂಗೈಯಲ್ಲಿಟ್ಟು ಸಾಕಿದ್ದನ್ನು ನಾನೇ ಕೊಲ್ಲುವುದಾ?

ಮಾಡಿದ್ದು ಹೀಗೆ. ಎರಡು ಪಾತ್ರೆ. ಒಂದರಲ್ಲಿ ಆರ್‌ಓ ನೀರು, ಇನ್ನೊಂದರಲ್ಲಿ ತೊಟ್ಟಿಯದೇ ಉಪ್ಪುನೀರು. ಸಿಹಿನೀರನ್ನು ತೊಟ್ಟಿಯಷ್ಟೇ ಬೆಚ್ಚಗೆ ಮಾಡಿದೆ, ನನ್ನಲ್ಲಿ 26 ಡಿಗ್ರಿ. ಉಪ್ಪಿನ ಆಘಾತ ಸಾಲದು ಅಂತ ತಣ್ಣೀರಿನ ಆಘಾತವನ್ನೂ ಕೊಡಬಾರದಲ್ಲ. ಆರ್‌ಓ ನೀರಿನ ಪಿಎಚ್ ಸಮುದ್ರಕ್ಕಿಂತ ಕಡಿಮೆ ಇರುತ್ತದೆ, ಅಂದರೆ ಸ್ವಲ್ಪ ಹುಳಿಯ ಕಡೆಗೆ. ಅದಕ್ಕೆ ಒಂದು ಚಿಟಿಕೆ ಅಡುಗೆ ಸೋಡಾ ಹಾಕಿ, ಗಾಳಿಗುಳ್ಳೆ ಬಿಡುವ ಗಾಳಿಕಲ್ಲು ಇಳಿಸಿ ಗುಳುಗುಳು ಅನ್ನಿಸಿದೆ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ. ಅದು ಯಾಕೆ ಅಂತ ಆಮೇಲೆ ಹೇಳುತ್ತೇನೆ. ಫ್ರಾಗ್ ಎತ್ತಿ ನೀರಿಗಿಟ್ಟೆ. ಜೋವಾಗಳೆಲ್ಲ ಒಂದೇ ಸಲಕ್ಕೆ ಮುದುಡಿ ಕಡಲೆಕಾಳಿನಂತಾದವು. ಮನಸ್ಸಿನಲ್ಲೇ ಎಣಿಸುತ್ತ ಇದ್ದೆ. ಹತ್ತು, ಹದಿನೈದು. ಇಪ್ಪತ್ತನೇ ಎಣಿಕೆಗೆ ಒಂದು ನುಡಿಬ್ರಾಂಕ್ ಕಲ್ಲು ಬಿಟ್ಟಿತು. ಬಿಡುತ್ತಿದ್ದಂತೆ ಉಬ್ಬಿತು, ಸುರುಳಿಯಾಯಿತು, ತಳಕ್ಕೆ ಹೋಗಿ ಕೂತಿತು. ಬಲ್ಬಿನ ಪಿಚಕಾರಿಯಿಂದ ನೀರು ಚಿಮ್ಮಿಸಿದೆ. ಇನ್ನೂ ಮೂರು ಉದುರಿದವು. ಒಂದು ನಿಮಿಷಕ್ಕೆ ಫ್ರಾಗ್ ಎತ್ತಿ ಉಪ್ಪುನೀರಿಗೆ ಹಾಕಿದೆ.

ಅಷ್ಟರಲ್ಲಿ ಹಿಂದಿನಿಂದ ಮನೆಯವಳ ದನಿ. "ರೀ, ಅದಕ್ಕೆ ಸ್ನಾನ ಮಾಡಿಸಿದ್ದು ಆಯ್ತಾ? ನಾಳೆ ಸಾರಿಗೆ ಆ ಪಾತ್ರೆ ಬೇಕು." ಆ ಪಾತ್ರೆ ಮತ್ತೆ ಸಾರು ಕಾಣಲಿಲ್ಲ ಬಿಡಿ. ಮಾರನೇ ದಿನವೇ ಹೊಸದು ತಂದುಕೊಡಬೇಕಾಯಿತು.

ಮಾರನೇ ದಿನ ಮಧ್ಯಾಹ್ನಕ್ಕೆ ಅರ್ಧದಷ್ಟು ಜೋವಾ ಅರಳಿದವು. ಮೂರನೇ ದಿನಕ್ಕೆ ಎಲ್ಲವೂ. ಊರಿಗೆ ಫೋನ್ ಮಾಡಿದಾಗ ಅಮ್ಮನಿಗೆ ಹೇಳಿದೆ. ಅಮ್ಮನಿಗೆ ಆಶ್ಚರ್ಯವೇ ಆಗಲಿಲ್ಲ. "ಉಪ್ಪುಸೊಳೆ ನೀರಿಗೆ ಹಾಕಿದ ಹಾಗೇ ಅಲ್ವಾ" ಅಂದಳು.

ಹೌದು, ಹಾಗೆಯೇ. ಉಪ್ಪಿನಲ್ಲಿಟ್ಟ ಹಲಸಿನ ಸೊಳೆಯನ್ನು ಪಲ್ಯ ಮಾಡುವ ಮುಂಚೆ ಒಳ್ಳೆ ನೀರಿನಲ್ಲಿ ನೆನೆಹಾಕುತ್ತೇವೆ. ಉಪ್ಪು ಹೊರಗೆ ಬರುತ್ತದೆ, ನೀರು ಒಳಗೆ ಹೋಗುತ್ತದೆ, ಮುದುಡಿದ್ದು ಉಬ್ಬುತ್ತದೆ. ನುಡಿಬ್ರಾಂಕ್‌ನ ಮೈಯೊಳಗಿನ ರಸ ಸಮುದ್ರದಷ್ಟೇ ಉಪ್ಪು. ಸುತ್ತ ಸಿಹಿನೀರು ಬಂದರೆ ನೀರು ಮೈಯೊಳಗೆ ನುಗ್ಗುತ್ತದೆ. ತಡೆಯಲು ಚಿಪ್ಪಿಲ್ಲ, ದಪ್ಪ ಚರ್ಮವಿಲ್ಲ. ಜೀವಕಣಗಳು ಉಬ್ಬಿ ಒಡೆಯುತ್ತವೆ.

ಆದರೆ ಹವಳದ ಮೈಯೂ ಸಮುದ್ರದಷ್ಟೇ ಉಪ್ಪು. ಅದರ ಕಣಗಳೂ ಉಬ್ಬುತ್ತವೆ. ಅಂದರೆ ಇದು ಹುಳಕ್ಕೆ ವಿಷ, ಹವಳಕ್ಕೆ ಮದ್ದು ಅನ್ನುವ ಹಾಗಿಲ್ಲ. ಇಬ್ಬರಿಗೂ ವಿಷವೇ. ಯಾರು ಮೊದಲು ಒಡೆಯುತ್ತಾರೆ ಅನ್ನುವ ಪಂದ್ಯ ಅದು. ಜೋವಾ ಯಾಕೆ ಗೆಲ್ಲುತ್ತದೆ ಅಂದರೆ, ಅದು ಬಾಯಿ ಬಿಗಿಹಿಡಿದು ಒಂದು ಗುಟುಕು ಉಪ್ಪುನೀರನ್ನು ಹೊಟ್ಟೆಯಲ್ಲೇ ಇಟ್ಟುಕೊಳ್ಳುತ್ತದೆ. ಹೊರಚರ್ಮವೂ ತೊಗಲಿನ ಹಾಗೆ ದಪ್ಪ. ಎಷ್ಟೋ ಜಾತಿಯ ಜೋವಾಗಳು ದಡದ ಬಂಡೆಗಳ ಮೇಲೆ ಬೆಳೆಯುತ್ತವೆ. ಇಳಿತ ಬಂದಾಗ ನೀರಿಲ್ಲದೆ ಗಂಟೆಗಟ್ಟಲೆ ಕೂರುತ್ತವೆ. ಮೇಲಿನಿಂದ ಮಳೆ ಬಂದರೆ ಅದನ್ನೂ ತಿನ್ನುತ್ತವೆ. ನನ್ನ ಅಡುಗೆಮನೆಯ ಒಂದು ನಿಮಿಷ ಅದಕ್ಕೆ ಹೊಸದೇನಲ್ಲ.

ಮೀನಿನ ಕಥೆಯೇ ಬೇರೆ. ಸಮುದ್ರದ ಮೀನಿನ ರಕ್ತದಲ್ಲಿ ಉಪ್ಪಿನಂಶ ಸಮುದ್ರದ ಮೂರನೇ ಒಂದು ಪಾಲು ಮಾತ್ರ. ಕಿವಿರು, ಮೂತ್ರಪಿಂಡ ಎಲ್ಲ ಸೇರಿ ಆ ಲೆಕ್ಕ ಕಾಯುತ್ತವೆ. ಹಾಗಾಗಿ ಗಟ್ಟಿಮುಟ್ಟಾದ ಮೀನು ನಾಲ್ಕೈದು ನಿಮಿಷ ಸಿಹಿನೀರು ತಡೆಯುತ್ತದೆ. ನಿಯೋಬೆನೆಡೀನಿಯಾ ಎಂಬ ಚಪ್ಪಟೆ ಹುಳ ಮೀನಿನ ಮೈಗೆ ಅಂಟಿಕೊಂಡಿದ್ದರೆ ಕಣ್ಣಿಗೇ ಕಾಣುವುದಿಲ್ಲ, ಗಾಜಿನ ಹಾಗೆ ಪಾರದರ್ಶಕ. ಸಿಹಿನೀರಿಗೆ ಹಾಕಿದರೆ ಎರಡು ನಿಮಿಷದಲ್ಲಿ ಬೆಳ್ಳಗಾಗಿ ಅವಲಕ್ಕಿ ಚೂರಿನ ಹಾಗೆ ಉದುರುತ್ತದೆ. ಆಗಲೇ ಗೊತ್ತಾಗುವುದು ಎಷ್ಟಿದ್ದವು ಅಂತ.

ಜೋವಾ ವಿಷಯಕ್ಕೆ ಮತ್ತೆ ಬಂದರೆ, ಒಂದು ಸ್ನಾನಕ್ಕೆ ಕೆಲಸ ಮುಗಿಯಲಿಲ್ಲ. ಮೊಟ್ಟೆ! ಫ್ರಾಗ್ ತಿರುಗಿಸಿ ನೋಡಿದರೆ ಬಿಲ್ಲೆಯ ಅಡಿಯಲ್ಲಿ ಬಿಳಿ ದಾರ ಸುತ್ತಿದ ಹಾಗೆ ಲೋಳೆಯ ಸುರುಳಿ. ಲೋಳೆಯ ಒಳಗಿನ ಮೊಟ್ಟೆಗೆ ಸಿಹಿನೀರು ಏನೂ ಮಾಡುವುದಿಲ್ಲ. ಹಳೇ ಹಲ್ಲುಜ್ಜುವ ಬ್ರಷ್ಷು, ಬ್ಲೇಡಿನ ತುದಿ, ಇಷ್ಟೇ ಮದ್ದು. ಉಳಿದ ಒಂದೆರಡು ಮೊಟ್ಟೆ ಒಡೆದು ಮರಿಯಾಗುತ್ತವೆ ಅಂತ ವಾರಕ್ಕೊಂದರಂತೆ ನಾಲ್ಕು ಸಲ ಸ್ನಾನ ಮಾಡಿಸಿದೆ. ಆಮೇಲೆ ರಾತ್ರಿ ಯಾವ ಜೋವಾನೂ ನಡೆಯಲಿಲ್ಲ.

ಗೆದ್ದವನಿಗೆ ಸೊಕ್ಕು ಬರುತ್ತದೆ. ನನಗೂ ಬಂತು.

ಅಷ್ಟೊತ್ತಿಗೆ ನನ್ನ ಹತ್ತಿರ ಒಂದು ಅಕ್ರೊಪೋರಾ ಇತ್ತು. ಕಲ್ಲುಹವಳ. ಜಿಂಕೆಯ ಕೊಂಬಿನ ಹಾಗೆ ಕವಲು, ತುದಿಗೆ ತಿಳಿನೀಲಿ. ಗುಂಡಿಯಷ್ಟು ತುಂಡು ತಂದು ಹದಿನಾಲ್ಕು ತಿಂಗಳು ಸಾಕಿ ಬೊಗಸೆಯಷ್ಟು ಮಾಡಿದ್ದೆ. ಬುಡದ ಹತ್ತಿರ ಸಣ್ಣ ಬಿಳಿಚುಕ್ಕೆ ಕಾಣಿಸಿದವು. ಅಕ್ರೊಪೋರಾ ತಿನ್ನುವ ಒಂದು ಚಪ್ಪಟೆ ಹುಳವಿದೆ, ಅದು ಕಚ್ಚಿದಲ್ಲಿ ಇಂಥದೇ ಚುಕ್ಕೆ ಬೀಳುತ್ತದೆ. ಮದ್ದು ಕೈಯಲ್ಲೇ ಇದೆಯಲ್ಲ ಅಂದುಕೊಂಡೆ. ಅದೇ ಪಾತ್ರೆ, ಅದೇ ಸೋಡಾ, ಅದೇ 26 ಡಿಗ್ರಿ. ಕಲ್ಲಿನಂಥ ಹವಳ, ಮೆತ್ತನೆ ಜೋವಾನೇ ತಡೆದುಕೊಂಡಿದೆ, ಇದಕ್ಕೇನು ಅಂತ ಒಂದೂವರೆ ನಿಮಿಷ ಇಟ್ಟೆ.

ಎತ್ತುವಾಗಲೇ ಕೈಗೆ ಗೊತ್ತಾಯಿತು. ಲೋಳೆ ದಾರದಾರವಾಗಿ ಇಳಿಯುತ್ತಿತ್ತು, ಬೆಂಡೆಕಾಯಿ ಹೆಚ್ಚಿದ ಚಾಕುವಿನಿಂದ ಇಳಿಯುವ ಹಾಗೆ. ತೊಟ್ಟಿಗೆ ವಾಪಸ್ ಇಟ್ಟೆ. ರಾತ್ರಿ ಒಂದು ಗಂಟೆಗೆ ಎದ್ದು ನೋಡಿದರೆ ಬುಡದಿಂದ ಮಾಂಸ ಬಿಡುತ್ತಿದೆ. ನೀರಿನ ಸೆಳೆತಕ್ಕೆ ಕಂದು ಚೂರುಗಳು ಹಾರಿ ಹೋಗುತ್ತಿವೆ, ಹಿಂದೆ ಅಚ್ಚ ಬಿಳಿ ಮೂಳೆ. ಬೆಳಗ್ಗೆ ಏಳಕ್ಕೆ ತುದಿಯ ನೀಲಿ ಮಾತ್ರ ಇತ್ತು. ಹತ್ತಕ್ಕೆ ಅದೂ ಇಲ್ಲ. ಇನ್ನೂ ಹೊಟ್ಟೆ ಉರಿಯುವ ಸಂಗತಿ ಅಂದರೆ, ಪಾತ್ರೆಯ ತಳದಲ್ಲಿ ಒಂದೂ ಹುಳ ಇರಲಿಲ್ಲ. ಆ ಚುಕ್ಕೆ ಬೇರೆ ಯಾವುದಕ್ಕೋ ಬಿದ್ದದ್ದು.

ಹಿರಿಯರಿಗೆ ಹೇಳಿದೆ. ಅವರು ಬೈಯಲಿಲ್ಲ. ಜೋವಾ ಎಲ್ಲಿ ಹುಟ್ಟುತ್ತೆ, ಅಕ್ರೊಪೋರಾ ಎಲ್ಲಿ ಹುಟ್ಟುತ್ತೆ ನೋಡ್ಕೊಂಡು ಬನ್ನಿ ಅಂದರು. ಅವತ್ತಿನಿಂದ ನನಗೆ ಗಟ್ಟಿ ಅನ್ನುವ ಪದದ ಮೇಲೇ ಅನುಮಾನ. ಮುಟ್ಟಿದರೆ ಕಲ್ಲಾಗಿರುವುದು ಒಂದೂವರೆ ನಿಮಿಷದ ಸಿಹಿನೀರಿಗೆ ಕರಗಿತು. ಮುಟ್ಟಿದರೆ ತೊಗಲಾಗಿರುವುದು ಆರಾಮಾಗಿ ಎದ್ದು ಕೂತಿತು. ಅಕ್ರೊಪೋರಾದಲ್ಲಿ ಕಲ್ಲು ಒಳಗಿರುವುದು. ಜೀವ ಇರುವುದು ಆ ಕಲ್ಲಿನ ಮೇಲೆ ಬಳಿದ ಹಾಗಿರುವ ತೆಳು ಪದರದಲ್ಲಿ.

ನೋಡಿಕೊಂಡು ಬನ್ನಿ ಅಂದರಲ್ಲ, ಓದುತ್ತ ಓದುತ್ತ ಹವಾಯಿಗೆ ಹೋಗಿ ಮುಟ್ಟಿದೆ. ಓಆಹು ದ್ವೀಪದಲ್ಲಿ ಕಾನೆಓಹೆ ಅಂತ ಒಂದು ಕೊಲ್ಲಿ ಇದೆ. ಮೂರು ಕಡೆ ಗುಡ್ಡ, ಗುಡ್ಡದಿಂದ ಹಳ್ಳಗಳು, ಕೊಲ್ಲಿಯ ತುಂಬ ಹವಳ. 1987ರ ಡಿಸೆಂಬರ್ 31ರ ರಾತ್ರಿ, ಊರೆಲ್ಲ ಹೊಸ ವರ್ಷಕ್ಕೆ ಕಾಯುತ್ತಿದ್ದಾಗ, ಆಕಾಶವೇ ಹರಿದು ಬಿದ್ದಂಥ ಮಳೆ. ಹಳ್ಳದ ನೀರು ಕೊಲ್ಲಿಗೆ ನುಗ್ಗಿತು. ಸಿಹಿನೀರು ಉಪ್ಪುನೀರಿಗಿಂತ ಹಗುರ, ಮೇಲೇ ತೇಲುತ್ತದೆ. ಮೇಲಿನ ಒಂದೆರಡು ಮೀಟರ್ ನೀರಿನಲ್ಲಿ ಲೀಟರಿಗೆ 35 ಗ್ರಾಂ ಇರಬೇಕಾದ ಉಪ್ಪು 15ರ ತನಕ ಇಳಿಯಿತು. ಕೊಲ್ಲಿಯ ಎಷ್ಟೋ ಭಾಗದಲ್ಲಿ ಅಷ್ಟು ಆಳದವರೆಗಿನ ಹವಳ ಹೆಚ್ಚುಕಡಿಮೆ ಪೂರ್ತಿ ಸತ್ತಿತು. ಕೆಳಗಿನದು ಉಳಿಯಿತು. 1965ರಲ್ಲೂ ಅಲ್ಲಿ ಇಂಥದೇ ಒಂದು ನೆರೆ ಬಂದಿತ್ತು. ಆ ಕೊಲ್ಲಿಯ ಒಂದು ಪುಟ್ಟ ದ್ವೀಪದ ಮೇಲೇ ಹವಾಯಿ ವಿಶ್ವವಿದ್ಯಾಲಯದ ಕಡಲಜೀವಿ ಸಂಸ್ಥೆ ಇರುವುದರಿಂದ ನೋಡಿ ಬರೆದಿಡುವವರು ಇದ್ದರು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆಮೇಲಿನ ಕಥೆ. ಪೊರೈಟಿಸ್ ಕಂಪ್ರೆಸಾ ಅನ್ನುವ ಹವಳ, ಬೆರಳಿನಂಥ ಕವಲಿನದು, ಅದೂ ಎಲ್ಲದರ ಜೊತೆ ಸತ್ತ ಹಾಗೇ ಕಂಡಿತ್ತು. ಬಿಳಿ ಎಲುಬು. ಆದರೆ ಅದರ ಕಲ್ಲು ರಂಧ್ರ ರಂಧ್ರ, ಜೀವಕಣ ಕಲ್ಲಿನ ಒಳಗೂ ಇಳಿದಿರುತ್ತದೆ. ಹೊರಗಿನದು ಹೋಯಿತು, ಒಳಗಿನ ಚೂರುಪಾರು ಉಳಿಯಿತು. ಅದೇ ಸತ್ತ ಕಲ್ಲಿನೊಳಗಿಂದ ಅದು ಮತ್ತೆ ಚಿಗುರಿತು, ಕಡಿದ ಬಿದಿರು ಮೆಳೆ ಬುಡದಿಂದ ಚಿಗುರುವ ಹಾಗೆ. ಮಳೆ ತಡೆಯದ ಜಾತಿಗಳು ಪ್ರತಿ ನೆರೆಗೂ ಹೋಗುತ್ತವೆ, ಇದು ವಾಪಸ್ ಬರುತ್ತದೆ. ಆ ಕೊಲ್ಲಿಯಲ್ಲಿ ಇದರದೇ ರಾಜ್ಯ ಯಾಕೆ ಅನ್ನುವುದಕ್ಕೆ ವಿಜ್ಞಾನಿಗಳು ಕೊಡುವ ಕಾರಣ ಇದೇ. ಅಲ್ಲಿ ನಡೆದದ್ದು ಒಂದು ದೊಡ್ಡ ಸಿಹಿನೀರಿನ ಸ್ನಾನ. ನಾನು ಪಾತ್ರೆಯಲ್ಲಿ ಮಾಡಿದ್ದನ್ನು ಮಳೆ ಕೊಲ್ಲಿಯಲ್ಲಿ ಮಾಡಿತ್ತು.

ಹಾಗಂತ ಒಂದು ಹವಳ ಒಂದಕ್ಕೆ ಗಟ್ಟಿ ಅಂದರೆ ಎಲ್ಲದಕ್ಕೂ ಗಟ್ಟಿ ಅಂತಲ್ಲ. ಝೀನಿಯಾ ಅಂತ ಒಂದಿದೆ, ಕೈಮುಷ್ಟಿ ಬಿಚ್ಚಿ ಮುಚ್ಚಿ ಮಾಡುತ್ತಲೇ ಇರುತ್ತದೆ, ನೋಡಲು ಚೆಂದ. ನೀರು ಸ್ವಲ್ಪ ಕೊಳಕಾದರೂ ತೊಟ್ಟಿ ತುಂಬ ಕಳೆಯ ಹಾಗೆ ಹಬ್ಬುತ್ತದೆ. ಸಿಹಿನೀರಿಗೆ ಮಾತ್ರ ಅಲ್ಲೇ ಕುಸಿಯುತ್ತದೆ. ಇನ್ನು ಅಕ್ರೊಪೋರಾ, ಮಧ್ಯಾಹ್ನದ ಬಿಸಿಲಿನಷ್ಟು ಬೆಳಕು ಕೊಟ್ಟರೂ ತಕರಾರಿಲ್ಲ. ಜೋವಾಕ್ಕೆ ಅಷ್ಟು ಬೆಳಕು ಬಿದ್ದರೆ ಮುಖ ಮುದುಡುತ್ತದೆ. ಅಂಗಡಿಯಲ್ಲಿ ಇದು ಗಟ್ಟಿನಾ ಅಂತ ಯಾರಾದರೂ ಕೇಳಿದರೆ, ಯಾವುದಕ್ಕೆ ಅಂತ ತಿರುಗಿ ಕೇಳಬೇಕು ಅನ್ನಿಸುತ್ತದೆ. ಕೇಳಿದರೆ ಜಗಳಕ್ಕೆ ಬಂದ ಅಂದುಕೊಳ್ಳುತ್ತಾರೆ, ಸುಮ್ನಿರುತ್ತೇನೆ.

ಅಕ್ರೊಪೋರಾದಂಥವಕ್ಕೆ ಬೇರೆ ಡಿಪ್‌ಗಳಿವೆ. ತೊಟ್ಟಿಯ ಉಪ್ಪುನೀರಿನಲ್ಲೇ ಅಯೋಡಿನ್ ಬೆರೆಸುವುದು, ಅದಕ್ಕೆಂದೇ ಮಾರುವ ಎಣ್ಣೆಯ ದ್ರಾವಣಗಳು. ಹುಳ ಬೀಳುತ್ತದೆ, ಹವಳದ ಉಪ್ಪಿನ ಲೆಕ್ಕ ಕೆಡುವುದಿಲ್ಲ. ಸಿಹಿನೀರು ಅಗ್ಗ, ಮನೆಯಲ್ಲೇ ಇದೆ, ಆದರೆ ಒರಟು ಆಯುಧ. ಜೋವಾ, ಮಶ್ರೂಮ್ ಅನ್ನುವ ಅಣಬೆಯಂಥ ಹವಳ, ಇವೆರಡು ಬಿಟ್ಟು ಬೇರೆ ಯಾವ ಹವಳಕ್ಕೂ ನಾನು ಆಮೇಲೆ ಅದನ್ನು ಮುಟ್ಟಿಸಲಿಲ್ಲ.

ಗ್ಲೌಸ್, ಕನ್ನಡಕದ ಮಾತು ಬಾಕಿ ಇತ್ತು. ಜೋವಾ ಮತ್ತು ಅದರ ನೆಂಟ ಪ್ಯಾಲಿಥೋವಾ ಇವುಗಳ ಕೆಲವು ಜಾತಿಗಳ ಮೈಯಲ್ಲಿ ಪ್ಯಾಲಿಟಾಕ್ಸಿನ್ ಇರುತ್ತದೆ. ಜಗತ್ತಿನ ಅತಿ ಕಟುವಾದ ವಿಷಗಳಲ್ಲಿ ಒಂದು. ಅದನ್ನು ಮೊದಲು ಬೇರ್ಪಡಿಸಿದ ವರದಿ 1971ರದ್ದು, ಅದೂ ಹವಾಯಿಯದೇ. ಮಾವಿ ದ್ವೀಪದ ಹಾನಾ ಎಂಬಲ್ಲಿಯ ಒಂದು ಕಡಲಮಡುವಿನ ಜೀವಿಗೆ ಅಲ್ಲಿಯ ಜನ ಹಾನಾದ ಸಾವಿನ ಪಾಚಿ ಅಂತಲೇ ಕರೆಯುತ್ತಿದ್ದರು, ಈಟಿಯ ಮೊನೆಗೆ ಸವರುತ್ತಿದ್ದರು ಅಂತ ಐತಿಹ್ಯ. ಸಿಹಿನೀರಿನಲ್ಲಿ ಮುದುಡುವಾಗ ಜೋವಾ ಒಮ್ಮೊಮ್ಮೆ ಪಿಚಕ್ ಅಂತ ನೀರು ಚಿಮ್ಮಿಸುತ್ತದೆ. ಕಣ್ಣಿಗೆ ಬಿದ್ದರೆ, ಕೈಯಲ್ಲಿ ಗಾಯವಿದ್ದರೆ ಕಷ್ಟ. ಕಲ್ಲು ಸ್ವಚ್ಛ ಮಾಡುತ್ತೇನೆ ಅಂತ ಜೋವಾ ಇರುವ ಕಲ್ಲನ್ನು ಕುದಿಸಿ, ಆ ಹಬೆ ಕುಡಿದು ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ್ದೂ ಇದೆ. ಪಾತ್ರೆ ಸಾರಿಗೆ ವಾಪಸ್ ಹೋಗಲಿಲ್ಲ ಅಂದೆನಲ್ಲ, ಇದಕ್ಕೇ.

ನಮ್ಮ ಕರಾವಳಿಯನ್ನು ಈಗ ನೋಡುವಾಗ ಇದೇ ಕಣ್ಣು ಬರುತ್ತದೆ. ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿಯಲ್ಲಿ ಹವಳ ಇದೆ. ಹೋದ ಡಿಸೆಂಬರ್‌ನಲ್ಲಿ ಮುಳುಗಿ ನೋಡಿಬಂದೆ. ಬಂಡೆಯ ಮೇಲೆ ಅಲ್ಲಲ್ಲಿ ಗುಪ್ಪೆ ಗುಪ್ಪೆಯಾಗಿ ಕೂತಿದೆ. ಆದರೆ ಕಾಳಿ, ಶರಾವತಿ, ಅಘನಾಶಿನಿ ಸಮುದ್ರ ಸೇರುವಲ್ಲಿ ಹವಳದ ದಂಡೆ ಹುಡುಕಬೇಡಿ. ಜೂನ್ ಬಂದರೆ ಅಲ್ಲಿ ನೀರೆಲ್ಲ ಕೆಂಪು, ಮಣ್ಣು ಬೇರೆ, ಸಿಹಿ ಬೇರೆ. ಲಕ್ಷದ್ವೀಪಕ್ಕೆ ಹೋದರೆ ಇಡೀ ದ್ವೀಪವೇ ಹವಳದ್ದು. ಅಲ್ಲಿ ಒಂದೂ ನದಿ ಇಲ್ಲ.

2021ರಲ್ಲಿ ಊರಿಗೆ ವಾಪಸ್ ಬಂದೆವು. ತೊಟ್ಟಿಯನ್ನು ಹಿರಿಯರಿಗೇ ಕೊಟ್ಟೆ. ಆ ಅಕ್ರೊಪೋರಾದ ಬಿಳಿ ಎಲುಬು ಮೇಜಿನ ಮೇಲಿತ್ತು, ಅದನ್ನೂ ಅಲ್ಲೇ ಬಿಟ್ಟೆ. ತರುವಂತಿಲ್ಲ. ತಂದದ್ದು ಒಂದೇ, ನೀರಿನ ಉಪ್ಪು ನೋಡುವ ರಿಫ್ರ್ಯಾಕ್ಟೋಮೀಟರ್. ಗೇಣುದ್ದದ ಕೊಳವೆ. ತುದಿಯ ಗಾಜಿನ ಮೇಲೆ ಎರಡು ಹನಿ ಹಾಕಿ, ಮುಚ್ಚಳ ಒತ್ತಿ, ಬೆಳಕಿಗೆ ಹಿಡಿದು ನೋಡಬೇಕು. ಮೇಲೆ ನೀಲಿ, ಕೆಳಗೆ ಬಿಳಿ, ನಡುವಿನ ಗೆರೆ ಎಲ್ಲಿ ನಿಂತಿದೆಯೋ ಅದೇ ಲೆಕ್ಕ. 0ಯಿಂದ 100ರ ತನಕ ಗುರುತು ಇದೆ. ಸಮುದ್ರದ ನೀರಿಗೆ 35ರಲ್ಲಿ ನಿಲ್ಲುತ್ತದೆ.

ಮೊನ್ನೆ ಅಮ್ಮ ಉಪ್ಪುಸೊಳೆ ಭರಣಿ ತೆಗೆದಿದ್ದಳು. ನನಗೆ ಸುಮ್ನೆ ಕುತೂಹಲ. ಆ ನೀರಿನ ಎರಡು ಹನಿ ಗಾಜಿನ ಮೇಲೆ ಹಾಕಿ ಅಂಗಳಕ್ಕೆ ಬಂದು ನೋಡಿದೆ. ನೀಲಿ ಎಲ್ಲೂ ಇಲ್ಲ. ಗೆರೆ 100ನ್ನೂ ದಾಟಿ ಎಲ್ಲಿಗೋ ಹೋಗಿದೆ, ಕಂಡದ್ದೆಲ್ಲ ಬಿಳಿ. ಅಮ್ಮನಿಗೂ ತೋರಿಸಿದೆ. ಅವಳು ಒಂದು ಕಣ್ಣು ಮುಚ್ಚಿ ನೋಡಿದಳು, ಕೊಳವೆ ನನ್ನ ಕೈಗೆ ಕೊಟ್ಟಳು.

"ಅಷ್ಟು ಉಪ್ಪು ಹಾಕದೇ ಇದ್ರೆ ಹುಳ ಆಗ್ತದೆ ಮಾರಾಯ" ಅಂದು, ಸೊಳೆಯನ್ನು ನೀರಿಗೆ ಹಾಕಲು ಒಳಗೆ ಹೋದಳು.

ನಮಸ್ಕಾರ.